ಹುಣಸೆ ಬೀಜ ಒತ್ತಿದ್ದೂ ಗೊತ್ತಾಗದ ಕಾಲಿಗೆ ಎಂಥ ಚಪ್ಪಲಿ, ಎಷ್ಟು ನಡಿಗೆ?

ಮೂರು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಬಾಗಿಲ ಹತ್ತಿರ ಶೂ ಬಿಚ್ಚಿದರು. ಬಲಗಾಲಿನ ಶೂ ಒಳಗಿಂದ ಒಂದು ಹುಣಸೆ ಬೀಜ ಉರುಳಿ ನೆಲಕ್ಕೆ ಬಿತ್ತು. ಸಾಕ್ಸ್ ತೆಗೆದು ನೋಡಿದರೆ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಬೀಜದ್ದೇ ಆಕಾರದ ಕೆಂಪು ಗುಳಿ. ಅದರ ಪಕ್ಕದಲ್ಲೇ ನೀರು ತುಂಬಿದ ಗುಳ್ಳೆ.

"ರೀ, ಇದು ಒತ್ತಲೇ ಇಲ್ವಾ ನಿಮಗೆ?"

"ಯಾವುದು?" ಅಂದರು.

ಒಂದು ಗಂಟೆ ನಡೆದಿದ್ದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಹದಿನಾಲ್ಕು ವರ್ಷದಿಂದ ಶುಗರ್ ಇತ್ತು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೆ ಕಾಲಿನ ನರ ಯಾವಾಗ ಮಂಕಾಯಿತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಆ ಗುಳ್ಳೆ ಹುಣ್ಣಾಗಿ, ವಾಸಿಯಾಗೋಕೆ ಎರಡೂವರೆ ತಿಂಗಳು ಹಿಡಿಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನನಗೋ ಎರಡೂ ಮಂಡಿ ಸವೆತ, ಜೊತೆಗೆ ಎಡಗಾಲಿನ ಹಿಮ್ಮಡಿ ನೋವು. ಅವರಿಗೆ ನೋವೇ ಗೊತ್ತಾಗೋಲ್ಲ, ನನಗೆ ನೋವು ಬಿಟ್ಟರೆ ಬೇರೇನೂ ಗೊತ್ತಾಗೋಲ್ಲ. ಇಬ್ಬರಿಗೂ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದರು.

ಆಮೇಲೆ ಡಾಕ್ಟರು, ಫಿಸಿಯೋಥೆರಪಿಯವರು, ಚಪ್ಪಲಿ ಅಂಗಡಿಯವರು, ರಿಪೇರಿಯವರು ಎಲ್ಲರನ್ನೂ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಔಷಧಿ, ಎಷ್ಟು ನಡೆಯಬಹುದು ಅನ್ನೋದನ್ನೆಲ್ಲ ನಿಮ್ಮ ಡಾಕ್ಟರೇ ಹೇಳಬೇಕು. ಕಾಲಿಗೆ ಏನು ಹಾಕಬೇಕು, ದಿನಾ ಏನು ನೋಡಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲೇ ಇದೆ.

ಅಂಗಡಿಗೆ ಹೋಗುವ ಮೊದಲು ಕಾಲು ನೋಡಿ

ಬೆಳಕಿರುವ ಕಡೆ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ನೆಲದ ಮೇಲೆ ಒಂದು ಮುಖ ನೋಡುವ ಕನ್ನಡಿ ಇಟ್ಟು, ಅದರ ಮೇಲೆ ಪಾದ ಹಿಡಿದರೆ ಅಂಗಾಲು ಪೂರ್ತಿ ಕಾಣುತ್ತದೆ. ಬಗ್ಗಲು ಆಗದವರಿಗೆ ಇದೇ ಸುಲಭ. ಬೆರಳ ಸಂದಿ, ಹಿಮ್ಮಡಿಯ ಬಿರುಕು, ಆಣಿ, ಉಗುರಿನ ಮೂಲೆ, ಚರ್ಮದ ಬಣ್ಣ ಒಂದೊಂದಾಗಿ ನೋಡಿ. ಶುಗರ್ ಇರುವವರು ಇದನ್ನು ದಿನಾ ಮಾಡಬೇಕು. ಕಣ್ಣು ಸರಿಯಾಗಿ ಕಾಣದಿದ್ದರೆ ಮನೆಯವರು ನೋಡಲಿ.

ಸ್ಪರ್ಶ ಇದೆಯಾ ಅಂತ ತಿಳಿಯೋಕೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರು ತೋರುಬೆರಳಿನ ತುದಿಯಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಲಿ. ಒತ್ತಬಾರದು, ಕಚಗುಳಿ ಇಡಬಾರದು, ಸುಮ್ನೆ ಮುಟ್ಟಬೇಕು ಅಷ್ಟೆ. ಎರಡೂ ಕಾಲು ಸೇರಿ ಆರು ಬೆರಳು. ಅದರಲ್ಲಿ ಎರಡು ಅಥವಾ ಜಾಸ್ತಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ನಮ್ಮ ಯಜಮಾನರಿಗೆ ಆರರಲ್ಲಿ ನಾಲ್ಕು ಗೊತ್ತಾಗಲಿಲ್ಲ. ನಾನು ಮುಟ್ಟಿ ಕೈ ತೆಗೆದಾಗಿತ್ತು, ಅವರು ಇನ್ನೂ "ಹೂಂ, ಶುರು ಮಾಡು" ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಇದನ್ನೇ ಸರಿಯಾಗಿ ನೋಡುತ್ತಾರೆ. ಶುಗರ್ ಇರುವವರು ವರ್ಷಕ್ಕೆ ಒಂದು ಸಲವಾದರೂ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ಗೆ ಶುಗರ್, ಬಿಪಿ ತೋರಿಸಲು ಹೋದಾಗ ಬಾಯಿಬಿಟ್ಟು ಕೇಳಿ, "ಕಾಲೂ ನೋಡಿ ಡಾಕ್ಟ್ರೇ" ಅಂತ.

ಇನ್ನು ಎರಡು ವಿಷಯ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಂಡಿದ ಹಾಗಾಗಿ, ನಿಂತರೆ ಸರಿಹೋಗುತ್ತದೆ ಅಂದರೆ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲದಿರಬಹುದು. ಚಪ್ಪಲಿ ಬದಲಾಯಿಸಿದರೆ ಇದು ಹೋಗುವುದಿಲ್ಲ, ಡಾಕ್ಟರ ಹತ್ತಿರ ಹೋಗಿ. ಮತ್ತೆ, ಜೋಮು ಹಿಡಿದ ಕಾಲು ಒಂದು ಕಡೆ ಮಾತ್ರ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಇನ್ನೊಂದು ಕಾಲಿಗಿಂತ ಬಿಸಿಯಾಗಿದ್ದರೆ, ನೋವಿಲ್ಲದಿದ್ದರೂ ಅದರ ಮೇಲೆ ಭಾರ ಹಾಕಬೇಡಿ. ಒಳಗೆ ಮೂಳೆ ಮುರಿಯುತ್ತಿರಬಹುದು. ಅವತ್ತೇ ತೋರಿಸಬೇಕು.

ಅಳತೆ ಸಂಜೆ ತೆಗೆಯಿರಿ

ಬೆಳಗಿಗಿಂತ ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಸರಿಯಾದ ಶೂ ಸಂಜೆಗೆ ಬಿಗಿ. ಹಾಗಾಗಿ ಅಳತೆಯೂ ಸಂಜೆ, ಕೊಳ್ಳೋದೂ ಸಂಜೆ.

ಬಿಳಿ ಹಾಳೆಯ ಮೇಲೆ ನಿಂತುಕೊಳ್ಳಿ. ಕೂತರೆ ಪಾದ ಅಗಲವಾಗುವುದಿಲ್ಲ, ನಿಂತೇ ತೆಗೆಯಬೇಕು. ಇನ್ನೊಬ್ಬರು ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಎರಡೂ ಕಾಲಿಗೆ ಬೇರೆ ಬೇರೆ. ಗೆರೆಯ ಮೇಲೆ ಕತ್ತರಿಸಿದರೆ ಎರಡು ಕಾಗದದ ಪಾದ ಸಿಗುತ್ತವೆ. ಅಂಗಡಿಗೆ ಹೋಗುವಾಗ ಅವನ್ನು ಬ್ಯಾಗಿಗೆ ಹಾಕಿಕೊಳ್ಳಿ. ಕಾಗದದ ಪಾದವನ್ನು ಶೂ ಒಳಗೆ ಚಪ್ಪಟೆಯಾಗಿ ಇಡಬೇಕು. ಅಂಚು ಮಡಚಿಕೊಂಡು ಮೇಲೆದ್ದರೆ ಆ ಶೂ ನಿಮ್ಮ ಕಾಲಿಗೆ ಕಿರಿದು, ನಂಬರ್ ಎಷ್ಟೇ ಇರಲಿ. ನಮ್ಮ ಯಜಮಾನರು ಇಪ್ಪತ್ತು ವರ್ಷದಿಂದ ಎಂಟು ನಂಬರ್ ಅಂತಲೇ ಕೇಳುತ್ತಿದ್ದರು. ಮನೆಯಲ್ಲಿದ್ದ ಎಂಟರ ಶೂನಲ್ಲಿ ಕಾಗದ ಇಟ್ಟೆ. ಕಿರುಬೆರಳಿನ ಕಡೆ ಕಾಗದ ಅರ್ಧ ಬೆರಳಷ್ಟು ಮೇಲಕ್ಕೆ ಸುರುಳಿಯಾಯಿತು. ಅಷ್ಟು ದಿನ ಆ ಕಿರುಬೆರಳು ಒಳಗೆ ಹಾಗೇ ಮುದುಡಿಕೊಂಡಿತ್ತಲ್ಲ ಅಂತ ಹೊಟ್ಟೆ ಚುರುಕ್ ಅಂದಿತು.

ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಯಾವ ಬೆರಳು ಉದ್ದವೋ ಅದರ ಮುಂದೆ ಸುಮಾರು ಅರ್ಧ ಇಂಚು ಜಾಗ ಇರಬೇಕು. ಎರಡು ಕಾಲಲ್ಲಿ ಯಾವುದು ದೊಡ್ಡದೋ ಅದರ ಅಳತೆಗೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಕೈಯಿಂದ ನೋಡಿ

ದೇವರಾಜ ಅರಸು ರಸ್ತೆಯಲ್ಲಿ ಕೊಳ್ಳಿ, ನಿಮ್ಮ ಬಡಾವಣೆಯ ಸಣ್ಣ ಅಂಗಡಿಯಲ್ಲಿ ಕೊಳ್ಳಿ, ನೋಡುವ ಕ್ರಮ ಒಂದೇ. ಮೊದಲು ಕೈ ಒಳಗೆ ಹಾಕಿ ತುದಿಯವರೆಗೆ ಸವರಿ. ಹೊಲಿಗೆಯ ಗಂಟು, ಮಡಿಕೆ, ಚುಚ್ಚುವ ಅಂಚು ಇದ್ದರೆ ಅಲ್ಲೇ ಬಿಡಿ. ಆಮೇಲೆ ಎರಡೂ ತುದಿ ಹಿಡಿದು ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಪಾದಕ್ಕೆ ಆಧಾರ ಸಿಗುವುದಿಲ್ಲ. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಪೂರ್ತಿ ತಿರುಚಿಕೊಳ್ಳಬಾರದು. ಶೂ ಆದರೆ ಹಿಮ್ಮಡಿ ಹಿಂದಿನ ಭಾಗ ಹೆಬ್ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿರಬೇಕು.

"ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಅಂತ ಅಂಗಡಿಯವರು ಹೇಳೇ ಹೇಳುತ್ತಾರೆ. ಒಪ್ಪಬೇಡಿ. ಅದು ಲೂಸ್ ಆಗುವಷ್ಟರಲ್ಲಿ ನಿಮ್ಮ ಕಾಲಿಗೆ ಗಾಯ ಆಗಿರುತ್ತದೆ.

ಸ್ಪರ್ಶ ಕಡಿಮೆಯಾದವರು ಸಾಮಾನ್ಯವಾಗಿ ಬಿಗಿ ಶೂ ಆರಿಸಿಕೊಳ್ಳುತ್ತಾರೆ. ಸಡಿಲ ಇದ್ದರೆ ಹಾಕಿಕೊಂಡ ಹಾಗೇ ಅನ್ನಿಸುವುದಿಲ್ಲ, ಬಿಗಿಯಾಗಿದ್ದರೆ ಮಾತ್ರ ಏನೋ ಇದೆ ಅಂತ ಗೊತ್ತಾಗುತ್ತದೆ. ಇಂಥವರು "ಆರಾಮಾಗಿದೆ" ಅಂದರೂ ಕಾಗದದ ಪಾದವನ್ನೇ ನಂಬಿ.

ಬೆರಳ ಸಂದಿಯಲ್ಲಿ ಉಂಗುಟ ಬರುವ ಹವಾಯಿ ಚಪ್ಪಲಿ ಶುಗರ್ ಕಾಲಿಗೆ ಬೇಡ. ಸಂದಿಯಲ್ಲಿ ಉಜ್ಜಿ ಹುಣ್ಣಾಗುತ್ತದೆ. ಕಾಲಿಂದ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಅಕ್ಕಪಕ್ಕದವರೊಬ್ಬರು ಚಪ್ಪಲಿ ಬಿದ್ದುಹೋದದ್ದು ತಿಳಿಯದೆ ಬೀದಿ ತುದಿಯ ಹಾಲಿನ ಅಂಗಡಿವರೆಗೆ ಹೋಗಿಬಿಟ್ಟಿದ್ದರು. ಅಗಲವಾದ ಎರಡು ಬಾರು, ಹಿಮ್ಮಡಿ ಹಿಂದೆ ಒಂದು ಬಾರು, ಎಲ್ಲಕ್ಕೂ ವೆಲ್ಕ್ರೋ. ಇದು ಇದ್ದರೆ ಊತ ಹೆಚ್ಚು ಕಡಿಮೆಯಾದಾಗ ಸಡಿಲ ಬಿಗಿ ಮಾಡಿಕೊಳ್ಳಬಹುದು. ಬೆರಳಿನ ಗಂಟು ನೋವಿರುವವರಿಗೂ ಲೇಸ್ ಕಟ್ಟುವ ಕಷ್ಟ ಇರುವುದಿಲ್ಲ.

ಎಂ.ಸಿ.ಆರ್. ಚಪ್ಪಲಿ ಅಂತ ಕೇಳಿರುತ್ತೀರಿ. ಮೈಕ್ರೋ ಸೆಲ್ಯುಲರ್ ರಬ್ಬರ್, ಅಂದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರು. ಪಾದದ ಭಾರ ಒಂದೇ ಕಡೆ ಬೀಳದೆ ಹರಡಿಕೊಳ್ಳುತ್ತದೆ. ಇದು ಮೊದಲು ಬಳಕೆಗೆ ಬಂದದ್ದು ಕುಷ್ಠರೋಗದಿಂದ ಕಾಲಿನ ಸ್ಪರ್ಶ ಹೋದವರಿಗೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಅವರು, ಆ ರೋಗಿಗಳ ಬೆರಳು ಪಾದಗಳು ಹಾಳಾಗುವುದಕ್ಕೆ ದೊಡ್ಡ ಕಾರಣ ನೋವು ಗೊತ್ತಾಗದೆ ಆಗುವ ಗಾಯಗಳೇ ಅಂತ ತೋರಿಸಿಕೊಟ್ಟರು. ಶುಗರ್ ಕಾಲಿನಲ್ಲೂ ನಡೆಯೋದು ಅದೇ. ಕೊಳ್ಳುವಾಗ ಮೇಲಿನ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗಿ ಮತ್ತೆ ಮೇಲೆ ಬರಬೇಕು. ಕೆಳಗಿನ ಅಟ್ಟೆ ಮಾತ್ರ ಗಟ್ಟಿಯಾಗಿರಬೇಕು, ಮುಳ್ಳು ಮೊಳೆ ಒಳಗೆ ಬರಬಾರದು. ಈಗಾಗಲೇ ಹುಣ್ಣಾಗಿದ್ದವರು, ಪಾದದ ಆಕಾರ ಬದಲಾದವರು ಅಂಗಡಿ ಚಪ್ಪಲಿಯಲ್ಲಿ ಸುಧಾರಿಸಿಕೊಳ್ಳಬಾರದು. ಡಾಕ್ಟರಿಂದ ಬರೆಸಿಕೊಂಡು ಕಾಲಿನ ಅಚ್ಚಿಗೆ ತಕ್ಕ ಹಾಗೆ ಮಾಡಿಸಬೇಕು.

ಮಂಡಿ ನೋವಿಗೆ ಹೀಲ್ಸ್ ಬೇಡ. ಹಿಮ್ಮಡಿ ನೋವಿಗೆ ಕಾಗದದಷ್ಟು ತೆಳು ಚಪ್ಪಲಿ ಬೇಡ, ಹಿಮ್ಮಡಿಯ ಕಡೆ ಮೆತ್ತಗೆ, ಒಂದಿಷ್ಟು ಎತ್ತರ, ಪಾದದ ಕಮಾನಿಗೆ ಆಸರೆ ಇರಲಿ.

ಹೊಸ ಜೊತೆ ತಂದ ದಿನವೇ ಚಾಮರಾಜಪುರಂನಿಂದ ಮಾರ್ಕೆಟ್‌ವರೆಗೆ ನಡೆದುಬಿಡಬೇಡಿ. ಮೊದಲ ದಿನ ಅರ್ಧ ಗಂಟೆ, ಅದೂ ಮನೆಯಲ್ಲೇ. ಬಿಚ್ಚಿ ನೋಡಿ. ಕೆಂಪಾದ ಜಾಗ 20 ನಿಮಿಷದಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತುತ್ತಿದೆ. ಬಿಲ್ ಜೋಪಾನವಾಗಿಡಿ, ವಾಪಸ್ ಕೊಡುವುದಕ್ಕೆ ಬೇಕಾಗುತ್ತದೆ.

ಮನೆಯೊಳಗೂ ಚಪ್ಪಲಿ

ನಮ್ಮಲ್ಲಿ ಅತಿ ಕಷ್ಟವಾದದ್ದು ಇದೇ. "ಮನೆಯೊಳಗೆ ಚಪ್ಪಲಿಯಾ? ಲಕ್ಷ್ಮಿ ಇರ್ತಾಳೇನಮ್ಮಾ?" ಅಂತ ಅತ್ತೆ ಕೇಳಿದರು. ಅವರಿಗೆ ಎಂಬತ್ತೆರಡು. ನಾನು ವಾದ ಮಾಡಲಿಲ್ಲ. ಹೊಸ ಜೊತೆ ತಂದು, ಬೀದಿಗೆ ಒಂದು ಸಲವೂ ಹಾಕದೆ, ಅವರ ಮುಂದೆಯೇ ಅಟ್ಟೆ ಒರೆಸಿ ಮಂಚದ ಪಕ್ಕ ಇಟ್ಟೆ. "ಇದು ಚಪ್ಪಲಿ ಅಲ್ಲ ಅತ್ತೆ, ನಿಮ್ಮ ಮಗನ ಕಾಲಿನ ಔಷಧಿ" ಅಂದೆ. ಒಂದು ವಾರ ಸುಮ್ಮನಿದ್ದರು. ಆಮೇಲೊಂದು ದಿನ ಅವರೇ, "ಲೋ, ಬರಿಗಾಲಲ್ಲಿ ಓಡಾಡ್ತಿದೀಯಲ್ಲೋ, ಹಾಕ್ಕೋ" ಅಂತ ಗದರಿದರು. ದೇವರ ಕೋಣೆಗೆ ಮಾತ್ರ ಹಾಕುವುದಿಲ್ಲ. ಅಲ್ಲಿ ದಪ್ಪ ಜಮಖಾನ ಹಾಸಿದ್ದೇನೆ.

ಹಿಮ್ಮಡಿ ನೋವಿನವರಿಗೂ ಇದು ಬೇಕು. ಅಡುಗೆಮನೆ ಗ್ರಾನೈಟ್ ನೆಲದ ಮೇಲೆ ಎರಡು ಗಂಟೆ ಬರಿಗಾಲಲ್ಲಿ ನಿಂತು ಒಗ್ಗರಣೆ ಹಾಕಿ, ಸಂಜೆ ಅರ್ಧ ಗಂಟೆ ಒಳ್ಳೇ ಶೂ ಹಾಕಿಕೊಂಡು ನಡೆದರೆ ಏನು ಬಂತು, ಅಲ್ವಾ?

ದೇವಸ್ಥಾನಕ್ಕೆ ಹೋಗೋದು ಬಿಡಬೇಕಿಲ್ಲ, ಹೊತ್ತು ನೋಡಿಕೊಳ್ಳಿ. ಬಿಸಿಲು ಏರಿದ ಮೇಲೆ ಚಾಮುಂಡಿ ಬೆಟ್ಟದ ಮೇಲಾಗಲಿ, ಅರಮನೆ ಅಂಗಳದಲ್ಲಾಗಲಿ ಕಲ್ಲು ಕಾದಿರುತ್ತದೆ. ಸ್ಪರ್ಶವಿದ್ದವರು ಹಾರಿ ಹಾರಿ ನೆರಳಿಗೆ ಓಡುತ್ತಾರೆ. ಸ್ಪರ್ಶವಿಲ್ಲದವರು ನಿಧಾನವಾಗಿ ನಡೆದುಕೊಂಡು ಹೋಗಿ ಅಂಗಾಲು ಸುಟ್ಟುಕೊಳ್ಳುತ್ತಾರೆ. ಬೆಳಗ್ಗೆಯೇ ಹೋಗಿ ಬನ್ನಿ, ದಪ್ಪ ಹತ್ತಿ ಸಾಕ್ಸ್ ಹಾಕಿಕೊಳ್ಳಿ. ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ ಬೇರೆಯವರ ಹಿಮ್ಮಡಿ ನಿಮ್ಮ ಬೆರಳ ಮೇಲೆ ಬೀಳುತ್ತದೆ. ಶುಗರ್ ಕಾಲಿನವರು ಇನ್ನೊಂದು ದಿನ ಹೋದರೆ ತಾಯಿ ಬೇಡ ಅನ್ನೋಲ್ಲ.

ಗಾಯ ಕಂಡರೆ ಶುದ್ಧ ನೀರಲ್ಲಿ ತೊಳೆದು, ಶುಭ್ರ ಬಟ್ಟೆ ಮುಚ್ಚಿ ಡಾಕ್ಟರ ಹತ್ತಿರ ಹೋಗಿ. ಗುಳ್ಳೆ ಒಡೆಯಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಬ್ಲೇಡಿನಿಂದ ಆಣಿ ಕೆತ್ತೋದು, ಮೆಡಿಕಲ್ ಶಾಪಿನ ಆಣಿ ಪಟ್ಟಿ ಅಂಟಿಸೋದು ಎರಡೂ ಬೇಡ. ಆ ಪಟ್ಟಿಯಲ್ಲಿರುವ ಆಸಿಡ್ ಒಳ್ಳೇ ಚರ್ಮವನ್ನೂ ತಿನ್ನುತ್ತದೆ. ಕಾಲು ನೋವು ಅಂತ ಬಿಸಿನೀರಲ್ಲಿ ಪಾದ ಅದ್ದಿ ಕೂರುವುದೂ ಸ್ಪರ್ಶ ಹೋದವರಿಗೆ ಅಪಾಯ. ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿ ಬಿಟ್ಟು.

ನಡೆಯುವ ಮೊದಲು ಹಾಸಿಗೆಯಲ್ಲೇ ಶುರು

ಹಿಮ್ಮಡಿ ನೋವಿರುವವರಿಗೆ ಬೆಳಗಿನ ಮೊದಲ ಹೆಜ್ಜೆ ಮೊಳೆ ತುಳಿದ ಹಾಗೆ. ರಾತ್ರಿಯೆಲ್ಲ ಬಿಗಿದುಕೊಂಡಿದ್ದ ಅಂಗಾಲಿನ ಪಟ್ಟಿ ಒಮ್ಮೆಲೇ ಎಳೆದುಕೊಳ್ಳುತ್ತದೆ. ನಾನು ದಿಂಬಿನ ಪಕ್ಕ ಒಂದು ಟವೆಲ್ ಇಟ್ಟುಕೊಂಡಿದ್ದೇನೆ. ಎದ್ದು ಕೂತು, ಕಾಲು ಚಾಚಿ, ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡು ಕೈಯಲ್ಲಿ ನನ್ನ ಕಡೆ ಎಳೆದು 30 ಸೆಕೆಂಡ್ ಹಿಡಿಯುತ್ತೇನೆ. ಮೂರು ಸಲ. ಆಮೇಲೇ ಕಾಲು ಚಪ್ಪಲಿಗೆ ಇಳಿಸೋದು. ಸಂಜೆ ಗೋಡೆಗೆ ಎರಡೂ ಕೈ ಕೊಟ್ಟು, ನೋವಿನ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲುತ್ತೇನೆ. ಆರು ವಾರ ಬಿಡದೆ ಮಾಡಿದ ಮೇಲೆ ನನಗೆ ವ್ಯತ್ಯಾಸ ಗೊತ್ತಾಯಿತು.

ಮಂಡಿಗೆ ಬೇಕಾದದ್ದು ತೊಡೆಯ ಬಲ. ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೇರವಾಗಿ ಒಂದಡಿ ಎತ್ತಿ, ಐದು ಎಣಿಸಿ ಇಳಿಸಿ. ಹತ್ತು ಸಲ. ಆಮೇಲೆ ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಏಳೋದು, ಕೂರೋದು. ಮೊದಲಿಗೆ ಕೈ ಊರಿಕೊಂಡೇ ಐದು ಸಲ ಸಾಕು. ಎಣಿಸುವಾಗ ಬಾಯಿಬಿಟ್ಟು ಎಣಿಸಿ, ಆಗ ಉಸಿರು ಕಟ್ಟುವುದಿಲ್ಲ. ಬಿಪಿ ಇರುವವರು ಉಸಿರು ಬಿಗಿಹಿಡಿದು ಯಾವ ವ್ಯಾಯಾಮವನ್ನೂ ಮಾಡಬಾರದು.

ನಮ್ಮೂರು ಯೋಗದ ಊರು. 1930ರ ದಶಕದಲ್ಲೇ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗ ಕಲಿಸುತ್ತಿದ್ದರು. ಬೀದಿಗೊಂದು ತರಗತಿ ಸಿಗುತ್ತದೆ. ಸೇರುವಾಗ ನಿಮ್ಮ ಕಾಯಿಲೆಗಳನ್ನೆಲ್ಲ ಮೊದಲೇ ಹೇಳಿ. ಶುಗರಿನಿಂದ ಕಣ್ಣಿನ ಪರದೆಗೆ ತೊಂದರೆಯಾಗಿದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಶೀರ್ಷಾಸನದಂತಹ ತಲೆಕೆಳಗಿನ ಆಸನ ಬೇಡವೇ ಬೇಡ. ಕುರ್ಚಿ ಮೇಲೆ ಕೂತು ಮಾಡುವ ಆಸನಗಳನ್ನು ಕೇಳಿ ಕಲಿಯಿರಿ.

ಎಷ್ಟು ನಡೆಯಬೇಕು, ಎಲ್ಲಿ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅದನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಾನು ಶುರು ಮಾಡಿದ್ದು ಐದು ನಿಮಿಷದಿಂದ, ಮನೆ ಮುಂದಿನ ರಸ್ತೆಯಲ್ಲಿ. ವಾರಕ್ಕೆ ಎರಡು ನಿಮಿಷ ಸೇರಿಸುತ್ತಾ ಹೋದೆ. ಊಟವಾದ ಮೇಲೆ ಹತ್ತು ಹತ್ತು ನಿಮಿಷ ಮೂರು ಹೊತ್ತು ನಡೆದರೂ ದಿನಕ್ಕೆ ಅರ್ಧ ಗಂಟೆಯಾಯಿತು, ಶುಗರಿಗೂ ಒಳ್ಳೆಯದು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ನಡೆದ ಮೇಲೆ ಮಂಡಿ ನೋವು ಎರಡು ಗಂಟೆ ಕಳೆದರೂ ಮೊದಲಿಗಿಂತ ಜಾಸ್ತಿ ಇದ್ದರೆ, ಮಾರನೇ ದಿನ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ ಮಂಡಿಗೆ ಹಿತ. ಕಾಂಕ್ರೀಟಿನಷ್ಟು ಕುಟ್ಟುವುದಿಲ್ಲ, ನೆರಳಿದೆ. ಆದರೆ ಬೇರು, ಕಲ್ಲು ಇವೆ, ಜೋಮು ಕಾಲಿನವರು ನೆಲ ನೋಡಿಕೊಂಡೇ ನಡೆಯಬೇಕು. ಪೂರ್ತಿ ಸುತ್ತಬೇಕು ಅಂತ ಹಟ ಬೇಡ, ಅರ್ಧ ದಾರಿಯಲ್ಲಿ ಸುಸ್ತಾದರೆ ವಾಪಸ್ ಬರೋಕೂ ಅಷ್ಟೇ ದೂರ. ಹೋದ ದಾರಿಯಲ್ಲೇ ತಿರುಗಿ ಬನ್ನಿ. ಹೊಸದಾಗಿ ಶುರು ಮಾಡುವವರಿಗೆ ಚೆಲುವಾಂಬ ಪಾರ್ಕಿನಂಥ ಜಾಗ ಇನ್ನೂ ಒಳ್ಳೆಯದು. ಬೇಕೆಂದಾಗ ಕೂರಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮಂಡಿ ಸವೆದವರಿಗಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ಹರಕೆ ಇದ್ದರೆ ಬಸ್ಸಿನಲ್ಲಿ ಹೋಗಿ ಕೈ ಮುಗಿದು ಬನ್ನಿ.

ಕೋಲು ಹಿಡಿಯುವವರು ನೋವಿರುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಅದು ತಪ್ಪು. ಬಲಮಂಡಿ ನೋವಾದರೆ ಎಡಗೈಯಲ್ಲಿ ಕೋಲು. ಬಲಗಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಹೋಗಬೇಕು. ನೇರ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಲು ಹೋಗಬೇಡಿ. ಹೊರಡುವ ಮುಂಚೆ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಸಣ್ಣ ಪೊಟ್ಟಣದಲ್ಲಿ ಮೂರು ಚಮಚ ಸಕ್ಕರೆ ಇರಲಿ. ಕೈ ನಡುಕ, ಬೆವರು, ತಲೆ ಗುಂಯ್ ಅನ್ನೋದು ಶುರುವಾದರೆ ಅಲ್ಲೇ ಕೂತು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. 15 ನಿಮಿಷ ಕಾಯಿರಿ, ಸರಿಹೋಗದಿದ್ದರೆ ಇನ್ನೊಮ್ಮೆ. ಎದೆ ಹಿಂಡಿದ ಹಾಗಾದರೆ, ಎಡಗೈಗೋ ದವಡೆಗೋ ನೋವು ಇಳಿದರೆ, ಉಸಿರು ಸಿಗದಿದ್ದರೆ ನಡೆದು ಮನೆ ಸೇರುವ ಯೋಚನೆ ಮಾಡಬೇಡಿ. ಕೂತಲ್ಲಿಂದಲೇ 108ಕ್ಕೆ ಫೋನ್ ಮಾಡಿಸಿ.

ಹಳೇ ಜೊತೆ ನೋಡಿಕೊಳ್ಳೋದು

ದಿನಾ ಹಾಕುವ ಮುಂಚೆ ಶೂ ತಲೆಕೆಳಗು ಮಾಡಿ ನೆಲಕ್ಕೆ ಎರಡು ಸಲ ಕುಟ್ಟಿ, ಆಮೇಲೆ ಕೈ ಒಳಗೆ ಹಾಕಿ ಸವರಿ. ನಮ್ಮ ಯಜಮಾನರು ಕುಟ್ಟುವ ಸದ್ದು ಕೇಳಿದರೆ ವಾಕಿಂಗಿಗೆ ಹೊರಟರು ಅಂತ ಅಡುಗೆಮನೆಯಲ್ಲಿರುವ ನನಗೆ ಗೊತ್ತಾಗುತ್ತದೆ. ತಿಂಗಳಿಗೊಂದು ಸಲ ಜೊತೆಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಕಡೆಗೆ ವಾಲಿದ್ದರೆ, ಎಂ.ಸಿ.ಆರ್. ಅಟ್ಟೆ ಒತ್ತಿದಾಗ ಮೇಲೆ ಬಾರದೆ ತಟ್ಟೆಯಾಗಿದ್ದರೆ, ಬಾರು ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡಿ.

ರಿಪೇರಿಗೆ ಕೊಡುವಾಗ ಒಂದು ಮಾತು ಮರೆಯದೆ ಹೇಳಿ: "ಮೊಳೆ ಹೊಡೀಬೇಡಿ ಅಣ್ಣಾ, ಅಂಟು ಹಾಕಿ ಹೊಲಿದುಕೊಡಿ, ಶುಗರ್ ಕಾಲು." ಅಟ್ಟೆ ಸವೆದಾಗ ಮೊಳೆಯ ತುದಿ ಒಳಗೆ ಬರುತ್ತದೆ. ನಮ್ಮ ಬೀದಿ ಮೂಲೆಯಲ್ಲಿ ಕೂರುವ ಅಣ್ಣನಿಗೆ ಒಮ್ಮೆ ಹೇಳಿದ್ದು ಸಾಕಾಯಿತು. ಈಗ ಜೊತೆ ವಾಪಸ್ ಕೊಡುವ ಮುಂಚೆ ಅವರೇ ಒಳಗೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ನನ್ನ ಕೈಗೆ ಕೊಟ್ಟು, "ನೀವೂ ಒಂದ್ಸಲ ನೋಡ್ಬಿಡಿ ಅಕ್ಕಾ" ಅನ್ನುತ್ತಾರೆ.